ಲೀಲಾಧರನ ಪವರ್ ಬ್ರೇಕು

ತನ್ನ ದಡ್ಡತನಗಳಲ್ಲಿ ಯಾವುದಕ್ಕೆ ಮೊದಲ ಬಹುಮಾನ ಕೊಡಬೇಕೆಂದು ಕಾಪುವಿನ ಲೀಲಾಧರನಿಗೆ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಚೆನ್ನಾಗಿ ಓಡುತ್ತಿದ್ದ ಪಿಕಪ್ಪಿನ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದು ಮಾತ್ರ ಮೊದಲ ಮೂರರೊಳಗೆ ಖಂಡಿತ ಬರುತ್ತಿತ್ತು. ಗಾಡಿಯದ್ದು ವ್ಯಾಕ್ಯೂಮ್ ಬ್ರೇಕು. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವ ಜೋರಿನಿಂದಲೇ ಅದಕ್ಕೆ ಬಲ. ಡೀಸೆಲ್ ಎಂಜಿನ್ನಿಗೆ ಆ ಎಳೆತ ಇಲ್ಲವೆಂಬ ಸಣ್ಣ ಸಂಗತಿಯನ್ನು ಮಾರಿದವನು ಹೇಳಲಿಲ್ಲ, ಇವನು ಕೇಳಲಿಲ್ಲ. ಆಮೇಲೆ ಬೆಲ್ಟಿನಿಂದ ತಿರುಗುವ ಒಂದು ಪುಟ್ಟ ಪಂಪು ಹಾಕಿಸಿದ. ಕಡಲಿನ ಉಪ್ಪುಗಾಳಿಗೆ ಅದರ ಪೈಪು ಆಗಾಗ ಬಿರುಕು ಬಿಡುತ್ತಿತ್ತು. ಅಂಥ ದಿನ ಬ್ರೇಕ್ ತುಳಿದರೆ ದೇವಸ್ಥಾನದ ಮೆಟ್ಟಿಲು ತುಳಿದ ಹಾಗೆ. ಪುಣ್ಯ ಬರುತ್ತಿತ್ತೋ ಏನೋ, ಗಾಡಿಯಂತೂ ನಿಲ್ಲುತ್ತಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಮಳೆಗಾಲ ಕಳೆದ ಹೊಸತರಲ್ಲಿ, ಲೈಟ್‌ಹೌಸಿನ ದಾರಿಯಲ್ಲಿ ಅದು ಹಾಗೆಯೇ ನಿಲ್ಲದೆ ಚರಂಡಿಗೆ ಇಳಿಯಿತು. ಪಕ್ಕದ ಸೀಟಿನಲ್ಲಿ ಹೆಂಡತಿ ವಾರಿಜಾ, ಅವಳ ಮಡಿಲಲ್ಲಿ ಬಂಗುಡೆ ಮೀನಿನ ಬುಟ್ಟಿ. ಯಾರಿಗೂ ಪೆಟ್ಟಾಗಲಿಲ್ಲ. ಬುಟ್ಟಿ ಮಾತ್ರ ಅವಳ ತಲೆಯ ಮೇಲೆ ಮಗುಚಿತು, ಮುಡಿದಿದ್ದ ಅಬ್ಬಲಿಗೆಯ ಜೊತೆಗೆ ಒಂದು ಬಂಗುಡೆಯೂ ಜಡೆಗೆ ಸಿಕ್ಕಿಕೊಂಡಿತು. ಅದನ್ನು ನೋಡಿ ಲೀಲಾಧರ ನಕ್ಕ. ಮೊದಲ ಮೂರರಲ್ಲಿ ಇದು ಎರಡನೆಯದು.

"ಇನ್ನು ಈ ಗಾಡಿಗೆ ನಾನು ಕಾಲಿಡುವುದಿಲ್ಲ," ಎಂದಳು ವಾರಿಜಾ.

ಮರುದಿನದಿಂದ ಅವಳು ಬುಟ್ಟಿ ಹೊತ್ತುಕೊಂಡು ಉಡುಪಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾರ್ಕಳದ ಮಾರ್ಕೆಟ್ಟಿಗೆ ಹೋಗತೊಡಗಿದಳು. ಮೀನು, ಮಂಜುಗಡ್ಡೆ ಹೇರಿಕೊಂಡು ಅವನೂ ಅದೇ ದಾರಿಯಲ್ಲಿ ಅದೇ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಕೆಲವು ದಿನ ಬಸ್ಸು ಪಿಕಪ್ಪನ್ನು ಹಿಂದೆ ಹಾಕಿ ಹೋಗುವಾಗ ಕೊನೆಯ ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿತ್ತು, ಅವನತ್ತ ನೋಡದೆ ಆಚೆ ಕಡೆಗೆ ತಿರುಗಿರುತ್ತಿತ್ತು. ಲೀಲಾಧರನ ಹೆಂಡತಿಯೇ ಅವನ ಗಾಡಿ ಹತ್ತುವುದಿಲ್ಲವಂತೆ ಎಂದು ಕಾಪುವಿನಲ್ಲಿ ಜನ ಆಡಿಕೊಂಡರು. ಅದು ಅವನಿಗೆ ಅಷ್ಟು ನಾಟಲಿಲ್ಲ. ಹತ್ತು ವರ್ಷ ಪಕ್ಕದಲ್ಲಿ ಕೂತು, ಯಾರ ಮನೆಯಲ್ಲಿ ಎಂತ ನಡೆಯಿತೆಂದು ಕಾಪುವಿನಿಂದ ಕಾರ್ಕಳದವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದವಳು ಅವಳು. ಆಗ ತಲೆನೋವೆಂದು ಗೊಣಗುತ್ತಿದ್ದ ಮನುಷ್ಯ ಈಗ ಖಾಲಿ ಸೀಟಿನ ಕಡೆಗೆ ತಿರುಗಿ ಒಬ್ಬನೇ ಹೂಂ ಹೂಂ ಎನ್ನುತ್ತಿದ್ದ.

ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ ಅವನು ಹೋದದ್ದು ಉಡುಪಿಯ ಬನ್ನಂಜೆಯಲ್ಲಿದ್ದ ಬೆಂಜಮಿನ್ನನ ಗ್ಯಾರೇಜಿಗೆ. ಎಂಟು ವರ್ಷ ಕುವೈತಿನಲ್ಲಿ ಲಾರಿ ರಿಪೇರಿ ಮಾಡಿ ಊರಿಗೆ ಬಂದ ಮನುಷ್ಯ. ಎಲ್ಲರೂ ಗಲ್ಫಿನಿಂದ ಟೇಪ್‌ರೆಕಾರ್ಡರು, ಕಂಬಳಿ ತಂದರೆ ಇವನು ಗುಜರಿಗೆ ಬಿದ್ದ ಅಮೆರಿಕದ ಲಾರಿಯೊಂದರ ಹೈಡ್ರಾಲಿಕ್ ಬ್ರೇಕಿನ ಸಾಮಾನನ್ನು, ಅದರ ಪಂಪಿನ ಸಮೇತ, ಲುಂಗಿಯಲ್ಲಿ ಸುತ್ತಿಕೊಂಡು ಬಂದಿದ್ದ. ಮೂರು ವರ್ಷದಿಂದ ಅದಕ್ಕೆ ತಕ್ಕ ಗಿರಾಕಿಯನ್ನು ಕಾಯುತ್ತಿದ್ದ.

"ಬೆಂಜಮಿನ್ ಪೊರ್ಬುಗಳೇ, ನನ್ನ ಹೆಂಡತಿ ಗಾಡಿ ಹತ್ತಬೇಕು. ಅದಕ್ಕೆ ಎಂತ ಮಾಡಬೇಕೋ ಮಾಡಿ," ಎಂದ ಲೀಲಾಧರ.

ಬೆಂಜಮಿನ್ ವ್ಯಾಕ್ಯೂಮಿನ ದೊಡ್ಡ ಡಬ್ಬಿಯನ್ನೂ ಬಿರುಕುಬಿಟ್ಟ ಪೈಪುಗಳನ್ನೂ ಕಿತ್ತು ಹೊರಗೆಸೆದ. ಆ ಜಾಗದಲ್ಲಿ ಕುವೈತಿನ ಸಾಮಾನನ್ನು ಕೂರಿಸಲು ಹೊಸ ಪಟ್ಟಿ ಬೆಸೆದ, ಪಂಪನ್ನು ಎಂಜಿನ್ನಿನ ಬೆಲ್ಟಿಗೆ ಸೇರಿಸಿದ. ಹತ್ತು ದಿನ ಹಿಡಿಯಿತು. ಕೊನೆಗೆ ಲೀಲಾಧರನನ್ನು ಸ್ಟೀರಿಂಗಿನ ಮುಂದೆ ಕೂರಿಸಿ ಪಾಠ ಹೇಳಿದ.

"ನೋಡು ಮಾರಾಯ, ಎಂಜಿನ್ ತಿರುಗಿದರೆ ಪಂಪು ತಿರುಗುತ್ತದೆ. ಪಂಪು ತಿರುಗಿದರೆ ಆಯಿಲಿಗೆ ಒತ್ತಡ, ಒತ್ತಡ ಇದ್ದರೆ ನಿನಗೆ ಬ್ರೇಕು. ಎಂಜಿನ್ ಬಂದ್ ಆದರೆ ಈ ಚಿಕ್ಕ ಡಬ್ಬಿಯಲ್ಲಿ ಎರಡು ಸಲ ತುಳಿಯುವಷ್ಟು ಬಲ ಉಳಿದಿರುತ್ತದೆ. ಮೂರನೆಯದು ನಿನ್ನ ಕಾಲಿನ ಬಲ, ದೇವರ ದಯೆ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವ ನಿನ್ನ ಚಾಳಿ ಉಂಟಲ್ಲ, ಅದನ್ನು ಇವತ್ತಿಗೇ ಬಿಡು."

ಆ ಚಾಳಿ ಲೀಲಾಧರನಿಗೆ ಬಿರುದಿನ ಹಾಗೆ ಇತ್ತು. ಮಣಿಪಾಲದ ಗುಡ್ಡದ ತಲೆಯಲ್ಲಿ ಎಂಜಿನ್ ನಿಲ್ಲಿಸುವ ಸ್ಟಾಪ್ ನಾಬ್ ಎಳೆದರೆ ಪರ್ಕಳ ಪೇಟೆಯವರೆಗೆ ಡೀಸೆಲ್ಲಿನ ಹನಿಯೂ ಖರ್ಚಾಗದೆ ಗಾಡಿ ತನ್ನಷ್ಟಕ್ಕೆ ಉರುಳಿ ಬರುತ್ತಿತ್ತು. ಕೆಳಗೆ ಬಂದ ಮೇಲೆ ನಾಬ್ ಒಳಗೆ ಒತ್ತಿ, ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಎದ್ದುಕೊಳ್ಳುತ್ತಿತ್ತು. ಕಾಪುವಿನಲ್ಲಿ ಬೇರೆ ಯಾವ ಡ್ರೈವರನಿಗೂ ಅಷ್ಟು ದೂರ ಉರುಳಲು ಬರುವುದಿಲ್ಲವೆಂದು ಅವನು ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳುತ್ತಿರಲಿಲ್ಲ.

ಆದರೂ ಬಿಟ್ಟ. ಬಿಟ್ಟದ್ದಷ್ಟೇ ಅಲ್ಲ, ವಾರವಿಡೀ ಉಪದೇಶ ಮಾಡಿದ. ಚಾ ಅಂಗಡಿಯಲ್ಲಿ, ಮೀನಿನ ಹರಾಜಿನಲ್ಲಿ, ಊಟದ ಹೊತ್ತಿಗೆ ಹೆಂಡತಿಯ ಮುಂದೆ. "ಎಂಜಿನ್ ಬಂದ್ ಆದರೆ ಎರಡೇ ಸಲ, ವಾರಿಜಾ. ಮೂರನೆಯದು ಇಲ್ಲ." ಅವಳು ಗಂಜಿ ಬಡಿಸುತ್ತಾ ಕೇಳಿದಳೋ ಇಲ್ಲವೋ ಗೊತ್ತಾಗಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ, ಸ್ಟಾಪ್ ನಾಬಿನ ಸರಿಯಾಗಿ ಮೇಲ್ಗಡೆ, ಕೆಂಪು ಬಣ್ಣದಲ್ಲಿ 'ಎಂಜಿನ್ ಬಂದ್ ಮಾಡಬಾರದು' ಎಂದು ಬರೆಸಿದ. ಅದರ ಕೆಳಗೆ ಎರಡು ಹೂವು ಬಿಡಿಸಿದ್ದಕ್ಕೆ ಪೈಂಟರ್ ಬೇರೆ ದುಡ್ಡು ಕೇಳಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ವಾರಿಜಾ ಬುಟ್ಟಿ ಹಿಡಿದುಕೊಂಡು ಬಂದು ಪಿಕಪ್ಪಿನ ಪಕ್ಕ ನಿಂತಳು.

"ಇಷ್ಟೆಲ್ಲ ಕಲಿತಿದ್ದೀರಿ ಅಂದಮೇಲೆ ನೋಡುವ. ಬುಟ್ಟಿ ಹಿಂದೆ ಇರಲಿ," ಎಂದು ಹತ್ತಿ ಕೂತಳು.

ಲೀಲಾಧರನ ಸಂತೋಷಕ್ಕೆ ಮಿತಿಯಿರಲಿಲ್ಲ. ಉಡುಪಿ ದಾಟುವಷ್ಟರಲ್ಲಿ ಅವಳು ಮಾತಿಗೆ ಶುರುವಿಟ್ಟಳು. ಮಣಿಪಾಲದ ಹಾಸ್ಟೆಲ್ಲೊಂದಕ್ಕೆ ಎರಡು ಪೆಟ್ಟಿಗೆ ಅಂಜಲ್ ಮೀನು ಇಳಿಸಿ ಹೊರಟಾಗ, ನಾದಿನಿ ಅಪ್ಪಿಯ ಮಗಳಿಗೆ ಕೆಮ್ಮಣ್ಣು ಊರಿನಿಂದ ಬಂದ ಸಂಬಂಧದ ಕಥೆ ಅರ್ಧಕ್ಕೆ ಬಂದಿತ್ತು. ಐದು ತಿಂಗಳ ಸುದ್ದಿ ಬಾಕಿ ಇತ್ತು. ಅವನು ಹೂಂ ಹೂಂ ಎನ್ನುತ್ತಾ, ಹಲ್ಲು ಬಿಡುತ್ತಾ, ಗುಡ್ಡದ ತಲೆಗೆ ಬಂದ. ಇಳಿಜಾರು ಕಂಡ ಕೂಡಲೇ ಎಡಗೈ ಯಾರನ್ನೂ ಕೇಳದೆ ಕೆಂಪು ಅಕ್ಷರಗಳ ಕೆಳಗೆ ಹೋಗಿ ನಾಬನ್ನು ಎಳೆಯಿತು.

ಎಂಜಿನ್ ಸದ್ದಡಗಿತು. ಗಾಳಿಯ ಸದ್ದಿನಲ್ಲಿ ವಾರಿಜಾಳ ಮಾತು ಇನ್ನೂ ಚೆಂದ ಕೇಳಿಸಿತು. ಆಮೇಲೆ ಅವಳು ಮಾತು ನಿಲ್ಲಿಸಿದಳು. ಮೊದಲ ತಿರುವಿನಲ್ಲಿ ಒಂದು ದನ ಅಡ್ಡ ಬಂತು, ಅವನು ಬ್ರೇಕ್ ತುಳಿದ. ಬೆಣ್ಣೆಯ ಹಾಗೆ ಹಿಡಿಯಿತು.

"ಒಂದು," ಎಂದಳು ವಾರಿಜಾ.

ವರನಿಗೆ ತಂಗಿಯರೆಷ್ಟು ಎಂದು ಹೇಳುತ್ತಿರಬೇಕೆಂದು ಲೀಲಾಧರ ತಲೆಯಾಡಿಸಿದ. ಮುಂದಿನ ತಿರುವಿನಲ್ಲಿ ಸೈಕಲ್ಲಿನವನು ಎದುರಾದ, ಮತ್ತೆ ತುಳಿದ.

"ಎರಡು," ಎಂದು ಅವಳು ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಮೂರನೆಯದು ಇಲ್ಲ ಅಂದಿರಲ್ಲ? ಇನ್ನು ಹೇಗೆ ನಿಲ್ಲಿಸುತ್ತೀರಿ?"

ಲೀಲಾಧರ ಡ್ಯಾಶ್‌ಬೋರ್ಡ್ ನೋಡಿದ. ಕೆಂಪು ಅಕ್ಷರ ನೋಡಿದ, ಎರಡು ಹೂವು ನೋಡಿದ, ಹೊರಗೆ ಚಾಚಿಕೊಂಡ ನಾಬ್ ನೋಡಿದ. ಕೆಳಗೆ ಪರ್ಕಳ ಪೇಟೆಯಲ್ಲಿ ಒಂದು ಬಸ್ಸು ನಿಂತು ಜನ ಇಳಿಸುತ್ತಿತ್ತು. ಮೂರನೆಯ ಸಲ ತುಳಿದ. ದೇವಸ್ಥಾನದ ಮೆಟ್ಟಿಲು! ಎರಡೂ ಕಾಲಿನಿಂದ ತುಳಿದ. ಹ್ಯಾಂಡ್‌ಬ್ರೇಕ್ ಎಳೆದರೆ ಅದು ಕಿರುಗುಟ್ಟಿತು, ಅಷ್ಟೇ.

"ವಾರಿಜಾ, ಮರೆತೇಬಿಟ್ಟೆ!" ಎಂದು ಅರಚಿದ.

ಅವಳು ಕೈ ಚಾಚಿ ನಾಬನ್ನು ಒಳಗೆ ಒತ್ತಿದಳು. ಹತ್ತು ವರ್ಷ ಪಕ್ಕದಲ್ಲಿ ಕೂತು ನೋಡಿದ ಕೆಲಸ. "ಗೇರ್ ಹಾಕಿ ಮಾರಾಯ್ರೆ, ಗೇರ್!"

ಅವನು ಗೇರ್ ಹಾಕಿ ಕ್ಲಚ್ ಬಿಟ್ಟ. ಗಾಡಿ ಒಮ್ಮೆ ಮುಗ್ಗರಿಸಿ, ಎಂಜಿನ್ ಗುರ್ರೆಂದು ಎದ್ದಿತು, ಪಂಪು ತಿರುಗಿತು, ಎರಡೂ ಕಾಲು ಮತ್ತೆ ಬ್ರೇಕ್ ಪೆಡಲಿನ ಮೇಲೆ ಬಿದ್ದವು. ಕುವೈತಿನ ಸಾಮಾನು ತನ್ನ ಕೆಲಸ ತೋರಿಸಿತು. ಬಸ್ಸಿಗೆ ಒಂದು ಗೇಣು ಇರುವಾಗ ಪಿಕಪ್ಪು ನಿಂತಿತು. ಹಿಂದಿನ ಮೀನು ಮತ್ತು ಮಂಜುಗಡ್ಡೆ ನಿಲ್ಲಲಿಲ್ಲ. ಕ್ಯಾಬಿನ್ನಿನ ಮೇಲಿಂದ ಹಾರಿ ಬಾನೆಟ್ಟಿನ ಮೇಲೆ, ಬಸ್ಸಿನ ಏಣಿಯ ಮೇಲೆ ಬಂಗುಡೆಯ ಮಳೆಯಾಯಿತು.

ಲೀಲಾಧರ ಸ್ಟೀರಿಂಗಿಗೆ ಹಣೆ ಊರಿ ಕೂತ. "ನೀನು ಮೊದಲೇ ಯಾಕೆ ಹೇಳಲಿಲ್ಲ?" ಎಂದ, ಸಣ್ಣ ದನಿಯಲ್ಲಿ.

"ನನಗೆ ತೋರಿಸಲಿಕ್ಕೆ ಬೇಕೆಂದೇ ಬಂದ್ ಮಾಡಿದ್ದೀರಿ ಅಂದುಕೊಂಡೆ. ವಾರವಿಡೀ ಊರಿಗೆಲ್ಲ ಹೇಳಿದ ಮನುಷ್ಯ ಮರೆಯುತ್ತಾನಾ? ನಂಬಿದೆ," ಎಂದಳು ವಾರಿಜಾ.

ಚರಂಡಿಗೆ ಬಿದ್ದಾಗಲೂ ಅವನಿಗೆ ಇಷ್ಟು ನೋವಾಗಿರಲಿಲ್ಲ. ಮೊದಲ ಮೂರರಲ್ಲಿ ಖಾಲಿಯಿದ್ದ ಜಾಗವೂ ತುಂಬಿತು.

ಬಸ್ಸಿನ ಕಂಡಕ್ಟರ್ ಇಳಿದು ಬಂದ. ವಾರಿಜಾಳಿಗೆ ಐದು ತಿಂಗಳ ಪರಿಚಯ. ಬಾನೆಟ್ಟಿನ ಮೇಲಿನ ಮೀನು ನೋಡಿ, ಲೀಲಾಧರನ ಮುಖ ನೋಡಿ, "ವಾರಿಜಕ್ಕ, ಕಾರ್ಕಳಕ್ಕೆ ಅಲ್ವಾ? ಸೀಟ್ ಉಂಟು, ಬನ್ನಿ," ಎಂದ.

ವಾರಿಜಾ ಇಳಿದಳು. ಲೀಲಾಧರ ತಲೆ ಎತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಅವಳನ್ನು ಕರೆಯುವುದು? ಬಸ್ಸು ಹೊರಟ ಸದ್ದು ಕೇಳಿತು. ಕಣ್ಣು ತೇವವಾದದ್ದು ಮಂಜುಗಡ್ಡೆಯ ನೀರಿನಿಂದ ಎಂದು ಆಮೇಲೆ ಹೇಳಿಕೊಂಡ.

ಪಕ್ಕದ ಬಾಗಿಲು ತೆರೆಯಿತು. ಸೆರಗಿನ ತುಂಬ ಹೆಕ್ಕಿದ ಬಂಗುಡೆ, ಕೈಯಲ್ಲಿ ಬುಟ್ಟಿಗೆ ಕಟ್ಟುವ ಬಲೆಯ ಹಗ್ಗದ ತುಂಡು. ವಾರಿಜಾ ಹತ್ತಿ ಕೂತು, ಆ ಹಗ್ಗದಿಂದ ನಾಬನ್ನು ಡ್ಯಾಶ್‌ಬೋರ್ಡಿನ ಕಂಬಿಗೆ ಬಿಗಿದು ಕಟ್ಟಿದಳು. ದೋಣಿಯವರು ಹಾಕುವ ಗಂಟು, ಅವಳಪ್ಪ ಕಲಿಸಿದ್ದು. ಮೀನಿನ ಮನೆಯಲ್ಲಿ ಹುಟ್ಟಿಯೂ ಲೀಲಾಧರನಿಗೆ ಅದನ್ನು ಬಿಚ್ಚಲು ಬರುತ್ತಿರಲಿಲ್ಲ.

"ನೀವು ಒಬ್ಬರೇ ಹೋಗುವ ಮನುಷ್ಯ ಅಲ್ಲ," ಎಂದಳು. "ನಡೆಯಿರಿ. ಕೆಮ್ಮಣ್ಣಿನ ಹುಡುಗನ ವಿಷಯ ಎಲ್ಲಿಗೆ ಬಂದಿತ್ತು?"

ಕಾರ್ಕಳದ ಮಾರ್ಕೆಟ್ಟಿನಲ್ಲಿ ಆ ದಿನ ಎಲ್ಲ ಗಾಡಿಗಳೂ ಎಂಜಿನ್ ನಿಲ್ಲಿಸಿ ಮೀನು ಇಳಿಸುತ್ತಿದ್ದವು. ಒಂದು ಪಿಕಪ್ಪು ಮಾತ್ರ ಗುಡುಗುಡು ಎನ್ನುತ್ತಲೇ ಇತ್ತು. ಅದರ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, ನಾಲ್ಕು ಜನ ನಗುತ್ತಿದ್ದರೂ ಲೆಕ್ಕಿಸದೆ, ಸಂತೋಷವಾಗಿಯೇ ಕೂಗುತ್ತಿದ್ದ:

"ವಾರಿಜಾ, ಸ್ವಲ್ಪ ಬಾ ಮಾರಾಯ್ತಿ! ಎಂಜಿನ್ ನಿಲ್ಲಿಸಬೇಕು!"