ಬೆಳ್ಳಗೆ ಬೀಳಿಸುವ ಗಾಜು

ನಾನು ಒಂದು ಕೆಂಪು ಫಿಲ್ಟರ್. ಕ್ಯಾಮೆರಾದ ಕಣ್ಣಿನ ಮುಂದೆ ತಿರುಗಿಸಿ ಕೂರಿಸುವ, ಹಿತ್ತಾಳೆ ಬಳೆ ಕಟ್ಟಿದ ಗಾಜು. ಬಣ್ಣ ಬೆರೆಸಿ ಕರಗಿಸಿ, ಉಜ್ಜಿ ಉಜ್ಜಿ ನುಣ್ಣಗೆ ಮಾಡಿ ನನ್ನನ್ನು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿಸಿದರು. ಹಳದಿ, ಹಸಿರು ಗಾಜುಗಳು ನನ್ನ ಒಡಹುಟ್ಟಿದವು. ಅವು ಸಾಧು. ಕೆಟ್ಟ ಹೆಸರು ಬಂದಿದ್ದು ನನಗೊಬ್ಬನಿಗೇ.

ನನ್ನ ಮೊದಲ ಯಜಮಾನ ಬೆಳಗಾವಿಯ ಒಬ್ಬ ಎಂಜಿನಿಯರ್. ಬಾದಾಮಿಯ ಗುಡ್ಡದ ಮೇಲೆ ಮೋಡ ಎದ್ದ ದಿನ ನನ್ನನ್ನು ಹಾಕುತ್ತಿದ್ದ. ಕಪ್ಪು-ಬಿಳುಪು ಫಿಲ್ಮಿನಲ್ಲಿ ನಾನು ನೀಲಿಯನ್ನು ಕಪ್ಪು ಮಾಡುತ್ತೇನೆ, ಕೆಂಪನ್ನು ಬಿಳಿ ಮಾಡುತ್ತೇನೆ. ಹೀಗಾಗಿ ಆಕಾಶ ಕಪ್ಪಾಗಿ ಕೆಂಪು ಬಂಡೆ ಬೆಳ್ಳಗೆ ಹೊಳೆಯುತ್ತಿತ್ತು. ವರ್ಗವಾಗಿ ಹೋಗುವಾಗ ಆತ ತನ್ನ ರೇಂಜ್‌ಫೈಂಡರ್ ಕ್ಯಾಮೆರಾವನ್ನೂ ನಮ್ಮ ಮೂವರನ್ನೂ ಬಾದಾಮಿಯ ಸ್ಟುಡಿಯೋದ ಮೌನೇಶಪ್ಪ ಚಿತ್ರಗಾರನ ಕೈಗೆ ಕೊಟ್ಟ. ಈ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಗಾಜು ಬೇರೆ. ಯಾವ ಫಿಲ್ಟರ್ ಹಾಕಿದರೂ ಕಿಂಡಿಯಲ್ಲಿ ಗೊತ್ತಾಗುವುದಿಲ್ಲ, ಲೆಕ್ಕವೆಲ್ಲ ತಲೆಯಲ್ಲೇ ಇಟ್ಟುಕೊಂಡು ಆರಿಸಬೇಕು ಎಂದು ಬಿಡಿಸಿ ಹೇಳಿದ. ಕೆಂಪನ್ನು ಮಾತ್ರ ಮುಖಕ್ಕೆ ಹಿಡಿಯಬೇಡ ಎಂದೂ ಹೇಳಿದ.

ಮೌನೇಶಪ್ಪ ಹಿಡಿದ. ಹಿಡಿಯದೆ ಏನು ಮಾಡಿಯಾನು! ಅವನ ಸ್ಟುಡಿಯೋಕ್ಕೆ ಬರುತ್ತಿದ್ದವರಲ್ಲಿ ಅರ್ಧ ಮಂದಿ ಗಂಡಿನ ಮನೆಗೆ ಕಳಿಸಲು ಮಗಳ ಫೋಟೋ ತೆಗೆಸುವವರು. ಕೂತ ಕೂಡಲೇ ಅವರದು ಒಂದೇ ಮಾತು, ಬೆಳ್ಳಗೆ ಬೀಳಬೇಕು. ನಾನು ಮುಂದೆ ಕೂತರೆ ಕಂದು ಮೈ ಬೆಳ್ಳಗಾಗುತ್ತಿತ್ತು, ಮೊಡವೆಯ ಕೆಂಪು ಮಾಯವಾಗುತ್ತಿತ್ತು. ಹಣೆಯ ಕುಂಕುಮವೂ ಅದರ ಜೊತೆಗೇ ಹೋಗುತ್ತಿತ್ತು ಅನ್ನಿ. ಮೌನೇಶಪ್ಪ ತಲೆಮಾರಿನಿಂದ ಬಣ್ಣದ ಕೆಲಸದವನು; ಸಣ್ಣ ಕುಂಚ ತೆಗೆದು ಫೋಟೋದಲ್ಲಿ ಹಣೆಗೊಂದು ಕರಿ ಬೊಟ್ಟು ಇಟ್ಟುಬಿಡುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಅವನ ಹೆಸರೋ ಹೆಸರು.

ಮಗಳು ಸಾವಂತ್ರಿಗೆ ಹತ್ತೊಂಬತ್ತು ತುಂಬಿತು. ಎಣ್ಣೆಗಪ್ಪು ಹುಡುಗಿ, ಕೆನ್ನೆಯ ಮೇಲೆ ಹುಣಸೆಬೀಜದಷ್ಟು ಕೆಂಪು ಹುಟ್ಟುಮಚ್ಚೆ. ಊರ ಮಂದಿಯದೆಲ್ಲ ತೆಗೆದ ಅಪ್ಪ ಮಗಳ ಒಂದು ಫೋಟೋವನ್ನೂ ತೆಗೆದಿರಲಿಲ್ಲ. ಇಳಕಲ್ಲಿನ ಕಡೆಯಿಂದ ಫೋಟೋ ಕೇಳಿ ಕಾಗದ ಬಂದ ದಿನ ಅವಳನ್ನು ಅಂಗಳದ ಬಿಸಿಲಿಗೆ ಕೂರಿಸಿದ. ಡಬ್ಬಿ ತೆರೆದ. ಹಳದಿಯನ್ನು ಎತ್ತಿ ಇಟ್ಟ, ಹಸಿರನ್ನೂ ಎತ್ತಿ ಇಟ್ಟ, ನನ್ನನ್ನು ಆರಿಸಿದ. ನನ್ನ ಮೂಲಕ ಬೆಳಕು ಹಾಯುವುದು ಕಡಿಮೆ. ಅದಕ್ಕೇ, ಅಲುಗಾಡಬ್ಯಾಡ ಅಂದ. ಹುಡುಗಿ ಉಸಿರು ಬಿಗಿಹಿಡಿದು ಕೂತಳು.

ಫೋಟೋ ಇಳಕಲ್ಲಿನವರಿಗೆ ಹಿಡಿಸಿತು. ವಾರದಲ್ಲೇ ಎಂಟು ಮಂದಿ ಬಂದಿಳಿದರು. ಸಾವಂತ್ರಿ ಚಹಾ ಹಿಡಿದು ಬಂದಳು. ಹುಡುಗನ ಸೋದರತ್ತೆ ಚೀಲದಿಂದ ಫೋಟೋ ತೆಗೆದು ಅವಳ ಮುಖದ ಪಕ್ಕಕ್ಕೆ ಹಿಡಿದಳು.

"ಅಕ್ಕನ ಫೋಟೋ ಕಳಿಸಿ ತಂಗೀನ್ನ ತೋರಿಸಾಕತ್ತೀರೇನ್ರಿ?"

ಅಕ್ಕ ಇಲ್ಲ, ಇವಳೊಬ್ಬಳೇ ಮಗಳು ಎಂದು ಮೌನೇಶಪ್ಪ ಎಷ್ಟು ಹೇಳಿದರೂ ಯಾರು ಕೇಳುತ್ತಾರೆ? ಫೋಟೋವನ್ನು ಜಮಖಾನೆಯ ಮೇಲೆ ಇಟ್ಟು, ಚಹಾ ಮುಟ್ಟದೆ ಎದ್ದು ಹೋದರು. ತುಂಬಿದ ಬಟ್ಟಲುಗಳನ್ನು ಸಾವಂತ್ರಿಯೇ ಒಂದೊಂದಾಗಿ ಎತ್ತಿದಳು.

"ಅವರದೇನು ತಪ್ಪಿಲ್ಲಪ್ಪಾ," ಅಂದಳು. "ಆ ಫೋಟೋದಾಗಿನಾಕಿ ನಿನ್ನ ಮಗಳಲ್ಲ."

ಅಂದಿನಿಂದ ಅವಳು ಅಪ್ಪನ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ಮರುವರ್ಷ ಗುಳೇದಗುಡ್ಡದ ಬಸ್ ಕಂಡಕ್ಟರ್ ಈರಪ್ಪ, ಸಂಬಂಧಿಕರ ಮದುವೆಯಲ್ಲಿ ಅವಳನ್ನು ಕಂಡು, ತಾನಾಗಿಯೇ ಕೇಳಿಕೊಂಡು ಬಂದ. ಫೋಟೋ ಕೇಳಲಿಲ್ಲ. ತನ್ನ ಮದುವೆಯಲ್ಲೂ ಸಾವಂತ್ರಿ ಫೋಟೋ ಬೇಡವೆಂದು ಹಟ ಹಿಡಿದಳು. ಮೌನೇಶಪ್ಪ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಅಕ್ಕಿಕಾಳು ಹಾಕಿದ.

ಎರಡು ವರ್ಷ ಚೆಂದ ಬಾಳಿದಳು. ಮೊದಲ ಹೆರಿಗೆಯಲ್ಲೇ ಹೋಗಿಬಿಟ್ಟಳು. ಹೆಣ್ಣು ಕೂಸು ಉಳಿಯಿತು.

ಕರ್ಮಗಳೆಲ್ಲ ಮುಗಿದ ಮೇಲೆ ಈರಪ್ಪ ಕೂಸನ್ನು ಎತ್ತಿಕೊಂಡು ಬಂದ. ಗೋಡೆಗೆ ಹಾಕಲು ಅವಳದೊಂದು ಫೋಟೋ ಬೇಕು, ನಾಳೆ ಕೂಸಿಗೆ ತಾಯಿಯ ಮುಖ ಗೊತ್ತಾಗಬೇಕಲ್ಲ ಅಂದ. ಮನೆಯಲ್ಲಿ ಇದ್ದದ್ದು ಅದೊಂದೇ. ಮೌನೇಶಪ್ಪ ಅದನ್ನೇ ತಂದುಕೊಟ್ಟ. ಈರಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಮಾವನತ್ತಲೇ ಚಾಚಿದ.

"ಇದು ಬ್ಯಾಡ್ರಿ ಮಾವ. ಆಕೀದು ಕೊಡ್ರಿ."

ಐತವಾರ ಬಾ, ಕೊಡ್ತೀನಿ ಎಂದು ಮೌನೇಶಪ್ಪ ಹೇಳಿ ಕಳಿಸಿದ. ಕೂಸು ಅಜ್ಜಿಯ ಬಳಿಯೇ ಉಳಿಯಿತು. ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಕೂತು ಬಣ್ಣ ಕಲಸಿದ. ಆ ಬಿಳಿ ಮುಖದ ಮೇಲೆ ತೆಳ್ಳಗೆ ಕಂದು ಎಳೆದ. ಒಣಗಿದ ಮೇಲೆ ಇನ್ನೊಂದು ಪದರ. ಹಣೆ ಬಂತು, ಮೂಗು ಬಂತು, ಮಗಳು ಬರತೊಡಗಿದಳು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಕುಂಚವನ್ನು ಕೆಂಪಿನಲ್ಲಿ ಅದ್ದಿ ಮಚ್ಚೆ ಇಡಲು ಹೋದವನು ಅಲ್ಲೇ ನಿಂತ.

ಯಾವ ಕೆನ್ನೆ?

ಬಲಕ್ಕೆ ಒಯ್ದ, ಎಡಕ್ಕೆ ಒಯ್ದ. ಇಪ್ಪತ್ತು ವರ್ಷ ಎದುರಿಗೇ ಓಡಾಡಿದ ಮುಖ. ಮಚ್ಚೆಯನ್ನು ಹೇಗೆ ಅಳಿಸಲಿ ಎಂದು ಯೋಚಿಸಿದ್ದನೇ ಹೊರತು ಎಲ್ಲಿದೆ ಎಂದು ಒಂದು ದಿನವೂ ನಿಂತು ನೋಡಿರಲಿಲ್ಲ, ಪಾಪಿ. ಅಳಿಯನನ್ನು ಕೇಳಲು ಯಾವ ಮುಖವಿತ್ತು? ಕೊನೆಗೆ ಒಳಗೆ ಕೂಸಿನ ತೊಟ್ಟಿಲಿಗೆಂದು ಹಳೆ ಸೀರೆ ಹರಿಯುತ್ತಿದ್ದ ಹೆಂಡತಿ ಭಾಗವ್ವನನ್ನು ಕೇಳಿದ.

ಭಾಗವ್ವ ತಲೆ ಎತ್ತಿ ನೋಡಿದಳು.

"ನನಗ ಗೊತ್ತೈತಿ," ಅಂದಳು. "ಹೇಳೂದಿಲ್ಲ."

ಐತವಾರ ಈರಪ್ಪ ಬಂದ, ಬರಿಗೈಲಿ ಹೋದ. ಮೌನೇಶಪ್ಪ ಮತ್ತೆ ಯಾರ ಮುಖಕ್ಕೂ ನನ್ನನ್ನು ಹಿಡಿಯಲಿಲ್ಲ. ಈಗ ನಾನು ಮೇಜಿನ ಸೆಳೆಖಾನೆಯಲ್ಲಿ ಬೂಸು ಹಿಡಿದು ಬಿದ್ದಿದ್ದೇನೆ, ಆ ಅರ್ಧ ಬಣ್ಣದ ಫೋಟೋದ ಪಕ್ಕದಲ್ಲೇ. ಮುದುಕ ಆಗಾಗ ಅದನ್ನು ತೆಗೆದು ಎರಡೂ ಕೆನ್ನೆ ಸವರುತ್ತಾನೆ. ನನಗೆ ಬಾಯಿದ್ದರೂ ಹೇಳಲಾರೆ. ಅವಳು ಉಸಿರು ಬಿಗಿಹಿಡಿದು ಕೂತಿದ್ದಾಗ ಎಲ್ಲರಿಗಿಂತ ಎದುರಿಗೆ ಇದ್ದದ್ದು ನಾನೇ, ಆದರೆ ಆ ಮಚ್ಚೆ ನನಗೆ ಕಾಣಲೇ ಇಲ್ಲ.