ಸೋಸಿದ ಭಾಷಣ

ಅಮೆರಿಕದ ಹೇವರ್ಡ್‌ನ ಕನ್ನಡಿಗರ ಪದಸಿರಿ ಬಳಗದಲ್ಲಿ ಸನ್ಮಾನ ಮೊದಲು, ಭಾಷಣ ಆಮೇಲೆ. ಶಾಲು ಹೊದ್ದವರು ಬಳಗಕ್ಕೆ ಮುಜುಗರವಾಗುವ ಮಾತಾಡಲಾರರು ಎಂಬುದು ಕಾರ್ಯದರ್ಶಿ ಮಧ್ವೇಶರ ಅನುಭವ. ಅಂತೆಯೇ ಅಂದು ಭಾಷಣಕ್ಕೆ ಬಂದಿದ್ದ ಸಂಯುಕ್ತಾಳ ತಲೆಯ ಮೇಲೂ ಮೈಸೂರು ಪೇಟ ಬಂದು ಕೂತಿತು. ಬಳಗಕ್ಕೆ ಇದ್ದದ್ದು ಅದೊಂದೇ ಪೇಟ. ಹಿಂದೆ ತೊಟ್ಟ ಗಣ್ಯರೆಲ್ಲರ ಕೊಬ್ಬರಿ ಎಣ್ಣೆ, ಹೇರ್‌ಡೈ, ಬೆವರು ಅದರೊಳಗೆ ಭದ್ರವಾಗಿ ನೆಲೆಸಿದ್ದವು. ಉಸಿರು ಬಿಗಿಹಿಡಿದು ಆಕೆ ಫೋಟೋಗೆ ನಕ್ಕಳು.

ಮುಂದಿನ ಸಾಲುಗಳಲ್ಲೊಂದರಲ್ಲಿ ಕೂತು ಮರಿಸೆಲ್ ಇವಾಂಜೆಲಿಸ್ತಾ ಚಪ್ಪಾಳೆ ತಟ್ಟುತ್ತಿದ್ದಳು. ಫಿಲಿಪೀನ್ಸಿನವಳು, ಸಂಯುಕ್ತಾಳ ಕಾಲೇಜಿನಲ್ಲೇ ಭಾಷಾಶಾಸ್ತ್ರ ಕಲಿಸುತ್ತಾಳೆ. ಪೋರ್ಚುಗೀಸರು, ಡಚ್ಚರು, ಸ್ಪೇನಿನವರು ಮಲಯ್, ಇಂಡೊನೇಷ್ಯನ್, ಟಗಾಲೊಗ್ ನುಡಿಗಳಲ್ಲಿ ಬಿಟ್ಟುಹೋದ ಪದಗಳನ್ನು ಇಬ್ಬರೂ ವರ್ಷಗಟ್ಟಲೆ ಹೆಕ್ಕಿದ್ದರು. ಅರ್ಧಕ್ಕಿಂತ ಹೆಚ್ಚಿನ ದುಡಿಮೆ ಮರಿಸೆಲ್‌ಳದು. ಆದರೂ ಹಿಂದೊಮ್ಮೆ ಲೇಖನ ಅಚ್ಚಾದಾಗ ಅವಳ ಹೆಸರು ಬಿಟ್ಟುಹೋಗಿತ್ತು. "ಇವತ್ತಾದ್ರೂ ನಿಮ್ಮ ಜನರೆದುರು ನನ್ನ ಹೆಸರು ಹೇಳ್ತೀಯ ತಾನೆ?" ಎಂದು ಕಾರಿನಲ್ಲಿ ಕೇಳಿದ್ದಳು. ಸಂಯುಕ್ತಾ ಮಾತು ಕೊಟ್ಟಿದ್ದಳು.

ಪರದೆ ಬೆಳಗಿತು. 'ದ್ವೀಪಗಳಲ್ಲಿ ನಮ್ಮ ಸಂಸ್ಕೃತ' ಎಂದಿತ್ತು. ಅದು ಸಂಯುಕ್ತಾ ಬರೆದ ತಲೆಬರಹವಲ್ಲ. ಗುರು, ಭಾಷೆ, ದೇವತೆ ಎಂದು ಸಂಸ್ಕೃತದಿಂದ ಆ ನುಡಿಗಳಿಗೆ ಹೋದ ಪದಗಳು ಮಾತ್ರ ಉಳಿದಿದ್ದವು. ಕಿಟಕಿಗೆ ಅಲ್ಲಿನವರು ಹೇಳುವ ಜೆಂದೆಲಾ, ಬಿಂತಾನಾ, ಬೆಣ್ಣೆಗೆ ಹೇಳುವ ಮೆಂತೆಗಾ, ಟವೆಲಿಗೆ ಹೇಳುವ ಹಂದುಕ್ ಎಲ್ಲ ಮಾಯ. ಮರಿಸೆಲ್‌ಳ ಹೆಸರೂ ಮಾಯ.

"ಏನ್ರೀ ಇದು ಮಧ್ವೇಶ್?"

"ಸ್ವಲ್ಪ ಎಡಿಟ್ ಮಾಡ್ದೆ ಮೇಡಂ. ಆ ಪರಂಗಿ ಪದಗಳೆಲ್ಲ ಯಾಕೆ? ಮಕ್ಕಳು ಬಂದಿದಾವೆ, ಒಂದು ಪ್ರೌಡ್ ಫೀಲಿಂಗು ಬರ್ಲಿ."

"ಮರಿಸೆಲ್ ಹೆಸರು?"

ಮಧ್ವೇಶರು ದನಿ ತಗ್ಗಿಸಿದರು. "ಇವಾಂಜೆಲಿಸ್ತಾ ಅಂತ ಸ್ಕ್ರೀನ್ ಮೇಲೆ ಬಂದ್ರೆ ಜನ ಯಾರೋ ಕ್ರಿಸ್ತಪ್ರಚಾರಕರು ಬಂದ್ರು, ಇದು ಮತಾಂತರದ ಪ್ರೋಗ್ರಾಮು ಅನ್ಕೋತಾರೆ. ತಪ್ಪು ತಿಳ್ಕೋಬೇಡಿ, ಅವರಿಗೂ ಊಟ ಇದೆ."

ಎಡಿಟು, ಫೀಲಿಂಗು, ಪ್ರೋಗ್ರಾಮು ಎಂದು ತನ್ನ ಬಾಯಿಂದಲೇ ಉದುರಿದ್ದು ಆ ಮಹಾಶಯನ ಕಿವಿಗೆ ಬಿದ್ದಂತಿರಲಿಲ್ಲ. ಸಂಯುಕ್ತಾ ಪೇಟ ತೆಗೆದು ಮೇಜಿನ ಮೇಲಿಟ್ಟು ಮೈಕು ಹಿಡಿದಳು.

"ಈ ಸ್ಲೈಡುಗಳು ನನ್ನವಲ್ಲ. ಇಂಡೊನೇಷ್ಯಾದವರು ತಮ್ಮ ಧ್ವಜಕ್ಕೇ ಬೆಂದೇರಾ ಅಂತಾರೆ, ಪೋರ್ಚುಗೀಸರಿಂದ ಬಂದ ಪದ. ಇದನ್ನೆಲ್ಲ ನನ್ನ ಜೊತೆ ಹುಡುಕಿದವರು ಮರಿಸೆಲ್ ಇವಾಂಜೆಲಿಸ್ತಾ, ಅಗೋ ಅಲ್ಲಿದ್ದಾರೆ."

"ಹಂಗಾದ್ರೆ ಆ ದ್ವೀಪದವರಿಗೆ ಸ್ವಂತದ್ದು ಅಂತ ಏನೂ ಇಲ್ವಾ ಮೇಡಂ?" ಎಂದರು ಎದುರಿಗಿದ್ದ ಬಳಗದ ಸದಸ್ಯ ವೆಂಕಟೇಶ್. ಸಭೆ ನಕ್ಕಿತು.

"ನಿಮ್ಮನೆ ಅಲಮಾರು ಯಾರದು ಸಾರ್?"

"ನನ್ನ ಹೆಂಡ್ತೀದು!"

ಇನ್ನೂ ಜೋರು ನಗೆ. ಆ ಪದವೂ ಪೋರ್ಚುಗೀಸರದೇ ಎಂದು ಸಂಯುಕ್ತಾ ಹೇಳುವಷ್ಟರಲ್ಲಿ ಮಧ್ವೇಶರು ಇನ್ನೊಂದು ಮೈಕು ಹಿಡಿದರು: "ಬಿಸಿಬೇಳೆ ಭಾತು ಆರೋದ್ರೊಳಗೆ ದಯಮಾಡಿ ಎಲ್ಲರೂ ಬನ್ನಿ." ಕನ್ನಡಿಗರ ಸಭೆಯನ್ನು ಬರಖಾಸ್ತು ಮಾಡಲು ಇದಕ್ಕಿಂತ ಸಭ್ಯ ದಾರಿಯಿಲ್ಲ. ಜನ ಹೊರಗಿನ ಊಟದ ಸಾಲಿಗೆ ನುಗ್ಗಿದರು.

ಕನ್ನಡ ಬಾರದ ಮರಿಸೆಲ್ ವೇದಿಕೆಯ ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದಳು. "ನನ್ನ ಹೆಸರು ಕೇಳಿಸ್ತು. ಆಮೇಲೆ ಎಲ್ಲರೂ ನಕ್ಕರಲ್ಲ, ಯಾಕೆ?"

ಏನೋ ಒಂದು ಜೋಕು ಎಂದುಬಿಡಬಹುದಿತ್ತು. ಸಂಯುಕ್ತಾ ಏನನ್ನೂ ಮುಚ್ಚಿಡದೆ ಹೇಳಿದಳು, ಹೆಸರು ಅಳಿಸಿದ ಕಾರಣವನ್ನೂ.

ಮರಿಸೆಲ್‌ಳ ಮುಖ ಬಿಗಿಯಿತು. "ಸ್ಪೇನಿನವರು ನಮ್ಮ ಹಿರೀಕರ ತಲೆ ಮೇಲೆ ಹೇರಿದ ಹೆಸರು ಅದು. ಅಷ್ಟು ತಲೆಮಾರು ಹೊತ್ತು ನಮ್ಮದು ಮಾಡ್ಕೊಂಡ್ವಿ. ಈಗ ಅಳಿಸೋಕೆ ಇವನ್ಯಾರು? ನಮ್ಮ ಮೂಲ ಸ್ಲೈಡು ಇದೆಯಾ?"

ಸಂಯುಕ್ತಾಳ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನೇ ಪರದೆಗೆ ಜೋಡಿಸಿದಳು. ಹೊರಗೆ ಬಿಸಿಲು ಸುಡುತ್ತಿತ್ತು. ತಟ್ಟೆ ತುಂಬಿಸಿಕೊಂಡವರಿಗೆ ಕೂರಲು ಒಳಗಿನ ಕುರ್ಚಿಗಳೇ ಗತಿ. ಒಬ್ಬೊಬ್ಬರಾಗಿ ಮರಳಿ ಬಂದರು. ಮಧ್ವೇಶರು ಬಡಿಸುವ ಸೌಟು ಬಿಟ್ಟು ಬರುವಂತಿರಲಿಲ್ಲ.

ಮರಿಸೆಲ್ ಮೈಕು ಹಿಡಿದು ಮೊದಲು ತನ್ನ ಪೂರ್ತಿ ಹೆಸರು ಹೇಳಿದಳು. ಪರದೆಯ ಮೇಲೂ ಅದು ದೊಡ್ಡದಾಗಿ ಮೂಡಿತು. ಬಾಯಿ ತುಂಬ ಭಾತು ಇದ್ದುದರಿಂದ ಯಾರಿಗೂ ನಗಲಾಗಲಿಲ್ಲ.