ಸೊನ್ನೆ ತೋರಿಸಿದ ಟ್ಯಾಂಕು

“ಆಚೆ ಸರಿಯೋ ಹಂದಿ! ಗಾಳಿ ನನ್ನ ಕಡೆ ಬೀಸ್ತಿದೆ. ತಿಂದಿದ್ದೆಲ್ಲ ಬಾಯಿಗೆ ಬರ್ತಿದೆ.”

ಇಂಜಿನಿಯರ್ ಸಾಹೇಬರು ಸೆಂಟು ಹಾಕಿದ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡಿದ್ದರು. ಸೋಪಣ್ಣ ಮಂಡಿಯೂರಿದ ಹಾಗೆಯೇ ಒಂದು ಮೊಳ ಸರಿದ. ಚರ್ಮ ಹದ ಮಾಡುವ ಕಾರ್ಖಾನೆಯ ಕೊಳಕೆಲ್ಲ ಬಂದು ಬೀಳುವ ಟ್ಯಾಂಕಿನ ಬುಡ ಅದು. ಕೂದಲು, ಕೊಬ್ಬು, ಹೆರೆದ ಮಾಂಸದ ಚೂರು, ಸುಣ್ಣ ಎಲ್ಲ ಕೊಳೆತು ಕರಿ ರೊಜ್ಜಾಗಿ ನಿಲ್ಲುವ ಜಾಗ. ಅದನ್ನು ಬರಿಗೈಯಲ್ಲಿ ಬಾಚಿದವನ ಮೈವಾಸನೆ ನೀರಿಗೂ ಬಗ್ಗುವುದಿಲ್ಲ, ನೊರೆಗೂ ಬಗ್ಗುವುದಿಲ್ಲ. ವಾರಕ್ಕೆರಡು ಸೋಪು ಸವೆಸಿದರೂ ಸ್ವಂತ ಮಗಳೇ ಅವನಿಗೆ ಬೆನ್ನು ಮಾಡಿ ಊಟಕ್ಕೆ ಕೂರುತ್ತಿದ್ದಳು. ಜೊತೆಯವರು ಇಟ್ಟ ಹೆಸರು ಮಾತ್ರ ಚೆನ್ನಾಗಿ ಅಂಟಿಕೊಂಡಿತ್ತು.

ಟ್ಯಾಂಕಿನ ಬುಡದಿಂದ ಒಂದು ಗೇಣುದ್ದದ ಪೈಪು, ಅದಕ್ಕೊಂದು ವಾಲ್ವು, ವಾಲ್ವಿನ ತುದಿಗೆ ಟ್ರಾನ್ಸ್‌ಮಿಟರ್. ಒಳಗಿನ ನೀರಿನ ಒತ್ತಡ ಹಿಡಿದು ಮಟ್ಟ ಎಷ್ಟೆಂದು ಹೇಳುವ ಯಂತ್ರ. ಸೋಪಣ್ಣ ವಾಲ್ವು ಮುಚ್ಚಿ, ಯಂತ್ರ ಬಿಚ್ಚಿ, ಅದರ ಮುಖಕ್ಕೆ ಮೆತ್ತಿದ್ದ ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದ್ದ. ಸಾಹೇಬರು ಉದ್ದನೆಯ ವೈರಿನ ತುದಿಯಲ್ಲಿ, ಮಾರು ದೂರದಲ್ಲಿ ನಿಂತು ಗುಂಡಿ ಒತ್ತಿ ಸೊನ್ನೆ ಹೊಂದಿಸಿದರು. ಆಮೇಲೆ ಸೋಪಣ್ಣ ವಾಲ್ವು ತೆರೆದ. ಅಂಕಿ ಅಲುಗಲಿಲ್ಲ.

“ನೋಡು, ಸೊನ್ನೆ. ನಿನ್ನೆಯಿಂದ ಪಂಪು ಓಡಿದೆ, ಟ್ಯಾಂಕು ಖಾಲಿ. ನಿನ್ನ ಭಾವನ್ನ ಇಳಿಸು. ಸಂಜೆಯೊಳಗೆ ತಳ ಕೆರೆದು ಮುಗೀಬೇಕು.”

ಸೋಪಣ್ಣನ ಅಕ್ಕನ ಗಂಡ ಟ್ಯಾಂಕಿನ ಮೇಲೆ, ಒಳಗೇನೂ ಕಾಣದಷ್ಟು ಕತ್ತಲು ತುಂಬಿದ್ದ ಅದರ ತೆರೆದ ಬಾಯಿಯ ಪಕ್ಕ ಸಲಿಕೆ ಹಿಡಿದು ಕೂತಿದ್ದ.

“ಪೈಪಿನ ಬಾಯಿ ಒಳಗಡೆ ಕಟ್ಟಿದೆ ಸಾರ್. ಮಿಷಿನ್‌ಗೆ ನೀರೇ ಮುಟ್ತಿಲ್ಲ. ಅದಕ್ಕೇ ಸೊನ್ನೆ.”

“ನನಗೇ ಪಾಠ ಹೇಳ್ತೀಯೇನೋ ಬೋಳಿಮಗನೆ?”

ಸೋಪಣ್ಣ ಏಣಿ ಹತ್ತಿದ. ಹಗ್ಗಕ್ಕೆ ದಪ್ಪ ನಟ್ಟು ಕಟ್ಟಿ ಒಳಗೆ ಇಳಿಬಿಟ್ಟ. ಅದು ತಳ ಮುಟ್ಟಿದ ಮೇಲೆ ಎಳೆದುಕೊಂಡು ಬಂದು ಸಾಹೇಬರ ಮುಂದೆ ಹಾಸಿದ. ಒಂದೂವರೆ ಆಳು ಉದ್ದಕ್ಕೂ ಹಗ್ಗ ಕರ್ರಗೆ ನೆನೆದಿತ್ತು.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ನಕ್ಕರು.

“ಈ ಹಗ್ಗಕ್ಕೆ ಸರ್ಟಿಫಿಕೇಟ್ ಇದೆಯೇನೋ? ಮಿಷಿನ್‌ಗಿದೆ. ಈಗ ತಾನೇ ಸೈನ್ ಹಾಕಿದೀನಿ.”

ಹಾಕಿದ್ದರು. ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಎಲ್ಲ ಮಟ್ಟದಲ್ಲೂ ಪರೀಕ್ಷಿಸಿದ್ದಾಗಿದೆ ಎಂದು ಕಾಗದ ಹೇಳುತ್ತಿತ್ತು. ಒಂದನ್ನಾದರೂ ಪರೀಕ್ಷಿಸಿರಲಿಲ್ಲ. ನಾಳೆ ಭಾವನ ಹೆಣ ಮೇಲೆ ಬಂದರೂ ಆ ಕಾಗದ ಅದನ್ನೇ ಹೇಳುತ್ತದೆ, ಎಲ್ಲರೂ ಅದನ್ನೇ ನಂಬುತ್ತಾರೆ. ಇಷ್ಟು ವರ್ಷ ಆ ರೊಜ್ಜಿನಲ್ಲಿ ಕೈಯಾಡಿಸಿದರೂ ಸೋಪಣ್ಣನಿಗೆ ಇಂಥ ಹೇಸಿಗೆ ಹುಟ್ಟಿರಲಿಲ್ಲ.

“ಅವನು ಇಳೀತಾನೋ, ಇಲ್ಲ ಇಬ್ರೂ ಗೇಟಿನಾಚೆ ಹೋಗ್ತೀರೋ?”

“ಬಿಡೋ ಮಾರಾಯ, ಮೆಲ್ಲಗೆ ಇಳೀತೀನಿ,” ಭಾವ ಮೇಲಿನಿಂದ ಕೂಗಿದ. “ಇದ್ದ ಕೆಲ್ಸಾನೂ ಕಳ್ಕೊಂಡು ಹೋದ್ರೆ ನಿಮ್ಮಕ್ಕ ಒಳಗೆ ಸೇರಿಸ್ತಾಳೇನೋ?” ಎಂದವನೇ ಒಂದು ಕಾಲನ್ನು ಒಳಗೆ ಇಳಿಬಿಟ್ಟ.

“ಕಾಲು ತೆಗಿ ಭಾವ! ನನ್ನಾಣೆ, ತೆಗಿ!”

ಸೋಪಣ್ಣ ವಾಲ್ವು ಮುಚ್ಚಿದ. ನಾಲ್ಕು ಬೋಲ್ಟು ಬಿಚ್ಚಿ ಟ್ರಾನ್ಸ್‌ಮಿಟರನ್ನು ಎತ್ತಿ ಜೋಪಾನವಾಗಿ ಪಕ್ಕಕ್ಕಿಟ್ಟ. ಪೈಪು ಕೆದಕುವ ಕಬ್ಬಿಣದ ಸರಳು ಕೈಗೆ ತೆಗೆದುಕೊಂಡ.

“ಏನೋ ಮಾಡ್ತಿದೀಯಾ?”

“ಕ್ಲೀನಿಂಗ್ ಸಾರ್. ನೀವ್ಯಾಕೆ ಹೆದರ್ತೀರಾ, ಟ್ಯಾಂಕು ಖಾಲಿ ಅಲ್ವಾ? ಹತ್ತಿರ ಬಂದು ನೋಡಿ.”

ಸಾಹೇಬರನ್ನು ಅಲ್ಲಿಂದ ಸರಿಯಲು ಅಹಂಕಾರ ಬಿಡಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಪೈಪಿನ ಬಾಯಿಗೆ ನೇರವಾಗಿಯೇ ನಿಂತರು. ಸೋಪಣ್ಣ ಪಕ್ಕಕ್ಕೆ ಸರಿದು ನಿಂತು ವಾಲ್ವು ಪೂರ್ತಿ ತೆರೆದು ಸರಳು ತೂರಿಸಿ ಗುದ್ದಿದ. ಮೂರು ಏಟು ಕಲ್ಲಿಗೆ ಹೊಡೆದಂತಾಯಿತು. ನಾಲ್ಕನೆಯದಕ್ಕೆ ಸರಳು ಅವನ ಕೈಯಿಂದ ಕಿತ್ತುಕೊಂಡು ಹೊರಗೆ ಹಾರಿ ಸಾಹೇಬರ ಕಾಲ ಬಳಿ ಬಿತ್ತು. ಅದರ ಹಿಂದೆಯೇ ಕರಿ ರೊಜ್ಜು ಭರ್ರನೆ ನುಗ್ಗಿ ಸಾಹೇಬರ ಎದೆಗೆ, ಬಾಯಿಗೆ, ಕೈಯಲ್ಲಿದ್ದ ಕಾಗದಕ್ಕೆ ಅಪ್ಪಳಿಸಿತು. ಅವರು ಅಲ್ಲೇ ಬಗ್ಗಿ ಬಳಬಳನೆ ವಾಂತಿ ಮಾಡಿಕೊಂಡರು.

ಮೇಲೆ ಭಾವ ಎರಡೂ ಕಾಲನ್ನು ಎದೆಗೆ ಅವುಚಿಕೊಂಡು ಕೂತಿದ್ದ.

“ಮುಚ್ಚೋ! ವಾಲ್ವು ಮುಚ್ಚೋ ಸೂಳೇಮಗನೆ!” ಸಾಹೇಬರು ಉಗಿಯುತ್ತಲೇ ಅರಚಿದರು.

ವಾಲ್ವಿನ ಹಿಡಿ ಆ ರಭಸದೊಳಗೆಲ್ಲೋ ಮುಳುಗಿತ್ತು. ಅದನ್ನು ಮುಚ್ಚಬೇಕಾದರೆ ಯಾರಾದರೂ ಮೊಳಕೈವರೆಗೆ ರೊಜ್ಜಿಗೆ ಕೈ ತೂರಿಸಬೇಕು. ಸೋಪಣ್ಣ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

“ಹಿಡಿ ಅಲ್ಲೇ ಇದೆ ಸಾರ್. ಕೈ ಹಾಕಿ ಮುಚ್ಚಿ.”

ರೊಜ್ಜು ಸಾಹೇಬರ ಶೂ ಮುಳುಗಿಸಿ, ಅಂಗಳ ದಾಟಿ, ಆಫೀಸಿನ ಮೊದಲ ಮೆಟ್ಟಿಲು ಹತ್ತುತ್ತಿತ್ತು.